ಓಟ ಮುಗಿಸಿದ ನಾಯಿಗೆ ಮನೆ

ಓಟದ ಕುದುರೆಗಳ ವಿಷಯವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿರಬಹುದು. ಮುಂಬಯಿ, ಪುಣೆ, ಬೆಂಗಳೂರು ನಗರಗಳಲ್ಲಿ ಕುದುರೆಗಳನ್ನು ಓಡಿಸಿ ಅವುಗಳ ಮೇಲೆ ಹಣ ಕಟ್ಟುವ ಪದ್ಧತಿ ಇರುವುದು ಎಲ್ಲರಿಗೂ ತಿಳಿದ ಸಂಗತಿಯೇ. ಅದೇ ಬಗೆಯಲ್ಲಿ ನಾಯಿಗಳನ್ನು ಓಡಿಸುವ ದೇಶಗಳೂ ಉಂಟು ಎಂದು ನಾವು ಒಂದು ದಿನ ತರಗತಿಯಲ್ಲಿ ಮಾತಿಗೆ ಮಾತು ಬಂದು ಹೇಳಿದೆವು. ಮಕ್ಕಳು ನಕ್ಕರು. ಹಿಂದಿನ ಸಾಲಿನ ಒಬ್ಬ ಹುಡುಗನು ಮಾತ್ರ ನಗದೆ, "ಗುರುಗಳೇ, ಸೋತ ನಾಯಿಯನ್ನು ಏನು ಮಾಡುತ್ತಾರೆ?" ಎಂದು ಕೇಳಿದನು. ಆ ಕ್ಷಣಕ್ಕೆ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಮುಂದೆ ಓದಿ ತಿಳಿದುಕೊಂಡುದನ್ನು ಆ ಬಾಲಕನಿಗೂ, ಅವನಂತಹ ಇತರರಿಗೂ, ಅವರ ತಂದೆತಾಯಿಗಳಿಗೂ ಇಲ್ಲಿ ನಿವೇದಿಸುತ್ತೇವೆ.

ಈ ಓಟದ ನಾಯಿಯ ಜಾತಿಗೆ ಗ್ರೇಹೌಂಡ್ ಎಂದು ಹೆಸರು. ಅದರ ಚಿತ್ರವನ್ನು ತೋರಿಸಿದರೆ ನಮ್ಮ ಕಡೆಯ ಮಕ್ಕಳು ಕೂಡಲೇ "ಇದು ಕಾರವಾನಿ!" ಎಂದುಬಿಡುವರು. ಅದು ತಪ್ಪು, ಆದರೆ ದೊಡ್ಡ ತಪ್ಪೇನೂ ಅಲ್ಲ. ಜತ್ತ ಸೀಮೆಯ ಕುರುಬರ ಹಟ್ಟಿಗಳಲ್ಲಿ ಕಾಣುವ, ಕೃಷ್ಣೆಯ ಆಚೆ ಮುಧೋಳದ ಹೆಸರಿನಿಂದ ಪ್ರಸಿದ್ಧವಾದ ನಮ್ಮ ಬೇಟೆನಾಯಿಯೂ ಗ್ರೇಹೌಂಡೂ ಒಂದೇ ಬಗೆಯವು. ಉಳಿದ ಬೇಟೆನಾಯಿಗಳು ಮೂಗಿನಿಂದ ವಾಸನೆ ಹಿಡಿದು ಹೋಗುತ್ತವೆ. ಇವು ಕಣ್ಣಿನಿಂದ ಕಂಡು ಅಟ್ಟುತ್ತವೆ. ದೂರದಲ್ಲಿ ಏನಾದರೂ ಸಣ್ಣದು ಮಿಸುಕಿದರೆ ಸಾಕು, ಆ ಮೇಲೆ ಒಡೆಯನ ಕೂಗು ಅವುಗಳ ಕಿವಿಗೆ ಬೀಳುವುದೇ ಇಲ್ಲ. ಈ ಒಂದು ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದರಲ್ಲಿ ಬಹುಪಾಲು ಇದರಿಂದಲೇ ಹೊರಡುತ್ತದೆ.

ನೀಳವಾದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂತಿರುವ ಹೊಟ್ಟೆ, ದಪ್ಪನಾದ ತೊಡೆ, ಬಿಲ್ಲಿನಂತೆ ಬಾಗುವ ಬೆನ್ನು: ಎಲ್ಲವೂ ಓಟಕ್ಕಾಗಿಯೇ ಆದಂತಿದೆ. ಪೂರ್ಣ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲಿಯೂ ಎರಡು ಸಲ ಅದರ ನಾಲ್ಕು ಕಾಲುಗಳೂ ನೆಲ ಬಿಟ್ಟಿರುತ್ತವೆ. ಕಾಲುಗಳು ಚಾಚಿಕೊಂಡಾಗ ಒಮ್ಮೆ, ಹೊಟ್ಟೆಯ ಕೆಳಗೆ ಕೂಡಿಕೊಂಡಾಗ ಇನ್ನೊಮ್ಮೆ. ವೇಗವು ಗಂಟೆಗೆ ಸುಮಾರು 40 ಮೈಲು, ಅಂದರೆ 64 ಕಿಲೋಮೀಟರಿನಷ್ಟು. ಆದರೆ ಈ ವೇಗವು ಬಹಳ ಹೊತ್ತು ನಿಲ್ಲತಕ್ಕದ್ದಲ್ಲ. ಇಂಗ್ಲೆಂಡಿನ ಸಾಮಾನ್ಯ ಪಂದ್ಯವೊಂದು 480 ಮೀಟರುಗಳಷ್ಟು. ಅದು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಅರ್ಧ ನಿಮಿಷಕ್ಕಾಗಿ ನಾಯಿ ಉಳಿದ ದಿನವೆಲ್ಲ ಮಲಗಿರುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಮೊದಲು ಈ ಆಟವು ಜೀವಂತ ಮೊಲದ ಹಿಂದೆ ನಾಯಿಗಳನ್ನು ಬಿಡುವ ಬೇಟೆಯಾಗಿತ್ತು. 1876ರಲ್ಲಿ ಲಂಡನ್ನಿನ ಹತ್ತಿರದ ಹೆಂಡನ್ ಎಂಬಲ್ಲಿ ಹಳಿಯ ಮೇಲೆ ಕೃತಕ ಮೊಲವನ್ನು ಓಡಿಸಿ ನೋಡಿದರು. ಆದರೆ ದಾರಿ ನೇರವಾಗಿದ್ದುದರಿಂದ ಆಟವು ಜನರಿಗೆ ರುಚಿಸಲಿಲ್ಲ. 1919ರಲ್ಲಿ ಅಮೆರಿಕದ ಓವೆನ್ ಪ್ಯಾಟ್ರಿಕ್ ಸ್ಮಿತ್ ಎಂಬವನು ಕ್ಯಾಲಿಫೋರ್ನಿಯದ ಎಮರಿವಿಲ್ಲಿನಲ್ಲಿ ದುಂಡನೆಯ ಓಟದ ದಾರಿಯನ್ನು ಮಾಡಿ, ಯಂತ್ರದ ಮೊಲವನ್ನು ಅದರ ಸುತ್ತ ಓಡಿಸಿದನು. 1926ರ ಜುಲೈ 24ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ ಇಂಗ್ಲೆಂಡಿನ ಮೊದಲನೆಯ ಪಂದ್ಯ ನಡೆಯಿತು. ಕಾರಖಾನೆಗಳ ಕೂಲಿಕಾರರು ಸಂಜೆಯ ಹೊತ್ತು ನಾಲ್ಕು ಕಾಸು ಹಿಡಿದುಕೊಂಡು ಹೋಗಬಹುದಾದ ಆಟವಾದುದರಿಂದ ಕೆಲವೇ ವರ್ಷಗಳಲ್ಲಿ ಅದು ಊರೂರಿಗೆ ಹಬ್ಬಿತು. ಅಯರ್ಲಂಡಿನಲ್ಲಿ ಹುಟ್ಟಿದ ಮಿಕ್ ದಿ ಮಿಲ್ಲರ್ ಎಂಬ ನಾಯಿಯು 1929 ಮತ್ತು 1930ರಲ್ಲಿ ಇಂಗ್ಲಿಷ್ ಡರ್ಬಿ ಎಂಬ ಮಹಾಪಂದ್ಯವನ್ನು ಎರಡು ಸಲ ಗೆದ್ದು ಸಿನಿಮಾ ನಟರಷ್ಟು ಕೀರ್ತಿ ಪಡೆಯಿತು. ಅದರ ದೇಹವನ್ನು ಟ್ರಿಂಗ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ.

ಮಿಕ್ಕನ ಮಾತು ಹಾಗಿರಲಿ. ಗೆದ್ದವನಿಗೆ ಗಾಜಿನ ಪೆಟ್ಟಿಗೆ ಸಿಕ್ಕಿತು. ಹೆಸರಿಲ್ಲದ ಉಳಿದವುಗಳ ಗತಿಯೇನು ಎಂಬುದೇ ನಮ್ಮ ಬಾಲಕನ ಪ್ರಶ್ನೆ. ಇಂಗ್ಲೆಂಡಿನಲ್ಲಿ ನಾಯಿಯು ಹದಿನೈದು ತಿಂಗಳಾದ ಮೇಲೆ ಪಂದ್ಯಕ್ಕೆ ಇಳಿಯುತ್ತದೆ. ನಾಲ್ಕು ಇಲ್ಲವೆ ಐದು ವರ್ಷಕ್ಕೆ ಅದರ ಓಟ ಮುಗಿಯಿತೆಂದೇ ಲೆಕ್ಕ. ಕಾಲು ಮುರಿದರೆ ಅದಕ್ಕೂ ಮೊದಲೇ ಮುಗಿಯಿತು. ನಾಯಿಗಳೆಲ್ಲ ಎಡಕ್ಕೆ ತಿರುಗುತ್ತ ಓಡುವುದರಿಂದ ತಿರುವಿನಲ್ಲಿ ಭಾರವೆಲ್ಲ ಹೊರಗಿನ ಬಲಗಾಲುಗಳ ಮೇಲೆ ಬೀಳುತ್ತದೆ; ಬಲಗಡೆಯ ಹಿಂಗಾಲಿನ ಹರಡಿನಲ್ಲಿರುವ ಸಣ್ಣ ಎಲುಬು ಮುರಿಯುವುದು ಈ ನಾಯಿಗಳಲ್ಲಿ ಸರ್ವೇಸಾಮಾನ್ಯ. ಗ್ರೇಹೌಂಡಿನ ಆಯುಸ್ಸಾದರೋ ಹನ್ನೆರಡು ವರ್ಷಗಳಷ್ಟು, ಕೆಲವಕ್ಕೆ ಇನ್ನೂ ಹೆಚ್ಚು. ಆದುದರಿಂದ ದುಡಿಮೆ ನಿಂತ ಮೇಲೆ ಇನ್ನೂ ಏಳೆಂಟು ವರ್ಷಗಳ ಅನ್ನ ಉಳಿದಿರುತ್ತದೆ. ಆ ಅನ್ನವನ್ನು ಯಾರು ಹಾಕಬೇಕು?

ಒಕ್ಕಲುತನದ ಮನೆಗಳಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ನೊಗಕ್ಕೆ ಹೆಗಲು ಕೊಡಲಾರದ ಮುದಿ ಎತ್ತಿನ ಮುಂದೆ ನಿಂತು ನಮ್ಮ ಹಿರಿಯರೂ ಇದನ್ನೇ ಕೇಳಿಕೊಂಡಿದ್ದಾರೆ. ಎಲ್ಲರೂ ಒಂದೇ ಉತ್ತರವನ್ನು ಕೊಟ್ಟಿಲ್ಲವೆಂಬುದನ್ನೂ ನಾವು ಬಲ್ಲೆವು. ಓಟದ ನಾಯಿಗಳ ವಿಷಯದಲ್ಲಿ ಬಹುಕಾಲ ದೊರೆತ ಉತ್ತರ ಕಠೋರವಾದುದು. 2006ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು, ಉತ್ತರ ಭಾಗದ ಸೀಹಮ್ ಎಂಬ ಊರಿನಲ್ಲಿ ಒಬ್ಬನು ಹಣ ಪಡೆದು ಅನೇಕ ವರ್ಷಗಳಿಂದ ಓಟದ ನಾಯಿಗಳನ್ನು ಕೊಂದು ತನ್ನ ಹೊಲದಲ್ಲಿ ಹೂಳುತ್ತಿದ್ದನೆಂದು ಪ್ರಕಟಿಸಿತು. ಅವುಗಳ ಸಂಖ್ಯೆ ಸಾವಿರಾರು. ದೇಶವೇ ತಲ್ಲಣಿಸಿತು. ವಿಚಾರಣೆಗಳಾದುವು. 2010ರಲ್ಲಿ ಹೊಸ ನಿಯಮಗಳು ಬಂದುವು: ಪ್ರತಿ ಓಟದ ಮೈದಾನದಲ್ಲಿ ಪಶುವೈದ್ಯನಿರಬೇಕು, ಪ್ರತಿ ನಾಯಿಗೂ ಕಿವಿಯಲ್ಲಿ ಹಚ್ಚೆಯ ಗುರುತೂ ಚರ್ಮದ ಕೆಳಗೆ ವಿದ್ಯುತ್ ಗುರುತಿನ ಚೂರೂ ಇರಬೇಕು ಎಂದು. 2020ರಲ್ಲಿ ಮತ್ತೊಂದು ಏರ್ಪಾಡಾಯಿತು. ನಾಯಿಯನ್ನು ಓಟಕ್ಕೆ ನೋಂದಾಯಿಸುವಾಗಲೇ 400 ಪೌಂಡುಗಳ ಠೇವಣಿ ಇಡಬೇಕೆಂದು ಆಗ ಗೊತ್ತುಮಾಡಿದರು. ಅರ್ಧ ಮಾಲೀಕನದು, ಅರ್ಧ ಓಟದ ಮಂಡಳಿಯದು. ಓಟ ಮುಗಿದ ಮೇಲೆ ನಾಯಿಗೆ ಮನೆ ಹುಡುಕುವ ಸಂಸ್ಥೆಗೆ ಆ ಹಣ ಸೇರುತ್ತದೆ. ಸಾಲದ ಹಣವೆಂದು ಆ ಸಂಸ್ಥೆಗಳು ಹೇಳುತ್ತವೆ. ಏಳೆಂಟು ವರ್ಷಗಳ ಅನ್ನದ ಲೆಕ್ಕ ಹಾಕಿದರೆ ಯಾರಿಗಾದರೂ ಹಾಗೆಯೇ ತೋರುವುದು.

ಇಂತಹ ಸಂಸ್ಥೆಗಳಲ್ಲಿ ಹೆಸರಾದುದು 1975ರಲ್ಲಿ ಸ್ಥಾಪನೆಯಾದ ರಿಟೈರ್ಡ್ ಗ್ರೇಹೌಂಡ್ ಟ್ರಸ್ಟ್. ಅದು ಈಗ ಗ್ರೇಹೌಂಡ್ ಟ್ರಸ್ಟ್ ಎಂಬ ಹೆಸರಿನಿಂದ ನಡೆಯುತ್ತಿದೆ. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಮಕಾವಿನ ಪ್ರಸಂಗ. ಚೀನದ ದಕ್ಷಿಣ ಕರಾವಳಿಯ ಆ ಪುಟ್ಟ ಪಟ್ಟಣದಲ್ಲಿ ಕೆನಿಡ್ರೋಮ್ ಎಂಬ ಓಟದ ಮೈದಾನವಿತ್ತು. ದೂರದ ಆಸ್ಟ್ರೇಲಿಯದಿಂದ ತಂದ ನಾಯಿಗಳು ಅಲ್ಲಿ ಓಡುತ್ತಿದ್ದುವು. ಒಳಗೆ ಹೋದ ನಾಯಿ ಜೀವದಿಂದ ಹೊರಗೆ ಬರುವುದಿಲ್ಲವೆಂದು ಲೋಕಾಪವಾದವಿತ್ತು. 2016ರಲ್ಲಿ ಸರಕಾರವು ಎರಡು ವರ್ಷಗಳ ಅವಧಿ ಕೊಟ್ಟು, ಜಾಗ ಬಿಡಬೇಕೆಂದು ಆಜ್ಞಾಪಿಸಿತು. 2018ರ ಜುಲೈಯಲ್ಲಿ ಬಾಗಿಲು ಮುಚ್ಚಿದಾಗ ಒಳಗೆ ಐನೂರಕ್ಕೂ ಹೆಚ್ಚು ನಾಯಿಗಳು ಉಳಿದಿದ್ದುವು. ಅನಿಮಾ ಎಂಬ ಸ್ಥಳೀಯ ಪ್ರಾಣಿದಯಾ ಸಂಸ್ಥೆಯು ಅವುಗಳ ಭಾರವನ್ನು ಹೊತ್ತಿತು. ಇಟಲಿ, ಇಂಗ್ಲೆಂಡು, ಅಮೆರಿಕ ಮುಂತಾದ ದೇಶಗಳ ಕುಟುಂಬಗಳು ತಾವು ಕಣ್ಣಿನಿಂದ ಕಾಣದ ನಾಯಿಗಳಿಗಾಗಿ ಹೆಸರು ಬರೆಸಿದುವು. ಪಂಜರಗಳಲ್ಲಿ ವಿಮಾನವೇರಿ ಅವು ಒಂದೊಂದಾಗಿ ಹೊರಟುಹೋದುವು. ಅದೇ 2018ರ ನವೆಂಬರಿನಲ್ಲಿ ಅಮೆರಿಕದ ಫ್ಲಾರಿಡ ರಾಜ್ಯದ ಮತದಾರರು ನಾಯಿ ಓಟವನ್ನು ನಿಲ್ಲಿಸಬೇಕೆಂದು ಮತ ಕೊಟ್ಟರು. ಆಗ ಆ ದೇಶದಲ್ಲಿದ್ದ 17 ಮೈದಾನಗಳಲ್ಲಿ 11 ಆ ಒಂದೇ ರಾಜ್ಯದಲ್ಲಿದ್ದುವು. 2020ರ ಕೊನೆಗೆ ಅಲ್ಲಿ ಜೂಜಿನ ಓಟ ನಿಂತಿತು. 2024ರ ಡಿಸೆಂಬರಿನಲ್ಲಿ ನ್ಯೂಜಿಲಂಡಿನ ಸರಕಾರವೂ, 2025ರ ಫೆಬ್ರವರಿಯಲ್ಲಿ ವೇಲ್ಸಿನ ಸರಕಾರವೂ ಇದೇ ನಿರ್ಧಾರವನ್ನು ಪ್ರಕಟಿಸಿದುವು. ಓಟ ನಿಂತಲ್ಲೆಲ್ಲ ಮನೆ ಬೇಡುವ ನಾಯಿಗಳು ಒಮ್ಮೆಲೇ ಹೆಚ್ಚುತ್ತವೆ ಎಂಬುದನ್ನು ಹೇಳಬೇಕಾಗಿಲ್ಲ.

ಇನ್ನು, ಇಂತಹ ನಾಯಿ ಮನೆಗೆ ಬಂದಾಗ ಏನಾಗುತ್ತದೆಂಬುದನ್ನು ನೋಡೋಣ. ನಮಗೆ ಬಹಳ ಸ್ವಾರಸ್ಯವಾಗಿ ಕಂಡುದು ಇದೇ ಭಾಗ.

ನಾಲ್ಕು ವರ್ಷದ ಬೆಳೆದ ನಾಯಿ; ಆದರೆ ಅದು ಮನೆಯನ್ನೇ ಕಂಡಿಲ್ಲ. ಹುಟ್ಟಿದುದು ಸಾಕಣೆಯ ಹೊಲದಲ್ಲಿ; ಬೆಳೆದುದು ಸಾಲಾಗಿ ಕಟ್ಟಿದ ನಾಯಿಗೂಡುಗಳಲ್ಲಿ. ಮೆಟ್ಟಿಲೆಂದರೇನೆಂದು ಅದಕ್ಕೆ ತಿಳಿಯದು. ನುಣುಪಾದ ನೆಲದ ಮೇಲೆ ಕಾಲಿಟ್ಟರೆ ಜಾರುವ ಭಯಕ್ಕೆ ನಡುಗುತ್ತ ನಿಂತುಬಿಡುತ್ತದೆ. ಗಾಜಿನ ಬಾಗಿಲನ್ನು ಬಯಲೆಂದು ತಿಳಿದು ಮೂತಿ ಬಡಿದುಕೊಳ್ಳುತ್ತದೆ. ನಿಲುವುಗನ್ನಡಿಯಲ್ಲಿ ತನ್ನನ್ನೇ ಕಂಡು, ಬೇರೊಂದು ನಾಯಿ ಬಂದಿತೆಂದು ಹಿಂದೆ ಸರಿಯುತ್ತದೆ. ಆದುದರಿಂದ ಹೊಸ ಯಜಮಾನರು ಗಾಜಿಗೆ ಕಾಗದದ ಪಟ್ಟಿ ಅಂಟಿಸಿ, ನೆಲಕ್ಕೆ ಚಾಪೆ ಹಾಸಿ, ಮೆಟ್ಟಿಲನ್ನು ಕೂಸಿಗೆ ಕಲಿಸುವಂತೆ ಕಲಿಸುತ್ತಾರೆ. ಒಬ್ಬರು ಮುಂದೆ, ಒಬ್ಬರು ಹಿಂದೆ ನಿಂತು, ಅದರ ಪಾದಗಳನ್ನು ಕೈಯಿಂದ ಎತ್ತಿ ಒಂದೊಂದಾಗಿ ಮೇಲಿನ ಮೆಟ್ಟಿಲ ಮೇಲೆ ಇಡಬೇಕು. ಗಂಟೆಗೆ 40 ಮೈಲು ಓಡಿದ ಪ್ರಾಣಿಗೆ ಹತ್ತು ಮೆಟ್ಟಿಲು ಹತ್ತಲು ಕೆಲವೊಮ್ಮೆ ವಾರವೇ ಹಿಡಿಯುತ್ತದೆ.

ಅದಕ್ಕೆ ಹೆಸರೂ ಎರಡು. ಪಂದ್ಯದ ಪಟ್ಟಿಯಲ್ಲಿ ಅಚ್ಚಾಗುವ ಹೆಸರು ಒಂದು, ಗೂಡಿನಲ್ಲಿ ಕರೆಯುವ ಹೆಸರು ಇನ್ನೊಂದು. ಹಾಜರಿ ಪಟ್ಟಿಯಲ್ಲಿ ಮಲ್ಲಿಕಾರ್ಜುನನೆಂದಿದ್ದು ಮನೆಯಲ್ಲಿ ಮಲ್ಲು ಆಗಿರುವ ಬಾಲಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಟ್ಟಿಯ ಹೆಸರನ್ನು ಕೂಗಿದರೆ ನಾಯಿ ತಲೆಯನ್ನೂ ಎತ್ತುವುದಿಲ್ಲ.

ಕೆಲವು ಸಂಗತಿಗಳಲ್ಲಿ ಮಾತ್ರ ಅದು ಸಾಧಾರಣ ಸಾಕುನಾಯಿಗಿಂತ ಹೆಚ್ಚು ಕಲಿತಿರುತ್ತದೆ. ದಿನವೂ ಮೈ ತಿಕ್ಕಿಸಿಕೊಂಡು, ಉಗುರು ಹಲ್ಲುಗಳನ್ನು ತೋರಿಸಿ, ಬಂಡಿಯಲ್ಲಿ ಪ್ರಯಾಣ ಮಾಡಿ ರೂಢಿಯಾದುದರಿಂದ ವೈದ್ಯನ ಮುಂದೆ ಶಾಂತವಾಗಿ ನಿಲ್ಲುತ್ತದೆ. ಹಗ್ಗವನ್ನು ಎಳೆಯದೆ ಪಕ್ಕದಲ್ಲಿ ನಡೆಯುತ್ತದೆ. ಬೊಗಳುವುದು ಬಹಳ ಕಡಿಮೆ. ಮನೆ ಕಾಯುವ ನಾಯಿ ಬೇಕಾದವರು ಇದನ್ನು ತರಬಾರದು. ಪ್ರೀತಿ ಹುಟ್ಟಿದ ಮೇಲೆ ಬಾಲ ಅಲ್ಲಾಡಿಸುವುದಕ್ಕಿಂತ ಹೆಚ್ಚಾಗಿ ಮನುಷ್ಯನ ಕಾಲಿಗೆ ಮೈಭಾರವನ್ನೆಲ್ಲ ಒರಗಿಸಿ ಸುಮ್ಮನೆ ನಿಲ್ಲುತ್ತದೆ. ತೊಡೆಯ ಮಾಂಸಖಂಡಗಳು ಬಲಿತಿರುವುದರಿಂದ ಕುಳಿತುಕೊಳ್ಳುವುದು ಅನೇಕ ಗ್ರೇಹೌಂಡುಗಳಿಗೆ ಕಷ್ಟ. "ಕೂಡು" ಎಂದು ಗದರಿಸಿ ಕಲಿಸಲು ಹೋಗುವುದು ವ್ಯರ್ಥವಾದ ಹಟ. ಮೈಯಲ್ಲಿ ಕೊಬ್ಬಿಲ್ಲದೆ ಎಲುಬುಗಳು ಒತ್ತುವುದರಿಂದ ಮಲಗಲು ಮೆತ್ತನೆಯ ಹಾಸಿಗೆ ಬೇಕು. ಅಂತಹ ಹಾಸಿಗೆ ದೊರೆತರೆ ದಿನದಲ್ಲಿ ಹದಿನಾರು ಗಂಟೆಗಳಷ್ಟು ನಿದ್ರಿಸುತ್ತದೆ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆಯ ನಡಿಗೆ ಅದಕ್ಕೆ ಸಾಕು.

ಈ ನಿದ್ರೆಯ ವಿಷಯದಲ್ಲಿ ಮಕ್ಕಳು ಒಂದು ಮಾತನ್ನು ಗಮನವಿಟ್ಟು ಕೇಳಬೇಕು. ಗೂಡಿನಲ್ಲಿ ಮಲಗಿದ ನಾಯಿಯನ್ನು ಯಾರೂ ಮುಟ್ಟಿರುವುದಿಲ್ಲ. ಕೆಲವು ಗ್ರೇಹೌಂಡುಗಳು ಕಣ್ಣು ತೆರೆದುಕೊಂಡೇ ನಿದ್ರಿಸುವುದೂ ಉಂಟು. ಹಾಗಿರುವಾಗ ಮೇಲೆ ಬಿದ್ದು ಅಪ್ಪಿಕೊಂಡರೆ ಅದು ಬೆಚ್ಚಿಬಿದ್ದು, ಯಾರೆಂದು ತಿಳಿಯುವ ಮೊದಲೇ ಹಲ್ಲು ಊರಬಹುದು. ಇದು ದುಷ್ಟತನವಲ್ಲ. ನಾವು ಬಾಲಕರಾಗಿದ್ದಾಗ ನಮ್ಮ ಮನೆಯಲ್ಲಿ ಚಿಗರಿ ಎಂಬ ಕಾರವಾನಿ ನಾಯಿಯಿತ್ತು. ಬೇಸಗೆಯ ಒಂದು ಮಧ್ಯಾಹ್ನ ಕಣಜದ ನೆರಳಿನಲ್ಲಿ ಮಲಗಿದ್ದ ಅದರ ಕಿವಿಯನ್ನು ನಾವು ಹಿಡಿದೆಳೆದೆವು. ಅಂದು ಎಡಗೈಯ ಮೇಲೆ ಆದ ಗುರುತು ಇಂದಿಗೂ ಇದೆ. ನಮ್ಮ ಅಜ್ಜಿ ಗಾಯಕ್ಕೆ ಅರಿಸಿನ ಒತ್ತುತ್ತ ಬೈದುದು ನಮ್ಮನ್ನು, ನಾಯಿಯನ್ನಲ್ಲ. ಬೈದುದು ಸರಿ, ಅರಿಸಿನ ಸಾಲದು. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಆ ದಿನವೇ ದವಾಖಾನೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿಕೊಳ್ಳತಕ್ಕದ್ದು. ಮಲಗಿದ ನಾಯಿಯನ್ನು ದೂರದಿಂದ ಹೆಸರು ಹಿಡಿದು ಕರೆದು, ಅದು ಎದ್ದು ಬಂದ ಮೇಲೆ ಮುಟ್ಟಬೇಕು. ಅದರ ಹಾಸಿಗೆಯ ಮೇಲೂ ಊಟದ ತಟ್ಟೆಯ ಬಳಿಯೂ ಮಕ್ಕಳು ಹೋಗಬಾರದು.

ಎರಡನೆಯ ಎಚ್ಚರಿಕೆ ಹಗ್ಗದ್ದು. ಗ್ರೇಹೌಂಡಿನ ತಲೆ ಕುತ್ತಿಗೆಗಿಂತ ಸಣ್ಣದು. ಸಾಧಾರಣ ಕೊರಳಪಟ್ಟಿಯಿಂದ ಹಿಂದಕ್ಕೆ ಜಗ್ಗಿ ತಲೆಯನ್ನು ಬಿಡಿಸಿಕೊಂಡುಬಿಡುತ್ತದೆ. ಅದಕ್ಕಾಗಿ ಎಳೆದಾಗ ತುಸು ಬಿಗಿಯಾಗುವ ಅಗಲವಾದ ಪಟ್ಟಿಯನ್ನು ಹಾಕುತ್ತಾರೆ. ಬೇಲಿಯಿಲ್ಲದ ಕಡೆ ಎಂದೂ ಬಿಡುವುದಿಲ್ಲ. ಅರ್ಧ ಫರ್ಲಾಂಗಿನಾಚೆ ಬೆಕ್ಕು ಓಡಿದರೆ ಅದರ ಹಿಂದೆ ಹೊರಡುವ ನಾಯಿ ನಡುವೆ ರಸ್ತೆಯಿದೆಯೆಂಬುದನ್ನು ನೋಡುವುದಿಲ್ಲ. ನೀವು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅದು ಕಣ್ಣಿಗೆ ಮರೆಯಾಗಿರುತ್ತದೆ. ಮನೆಯಲ್ಲಿ ಬೆಕ್ಕು, ಕೋಳಿ, ಮೊಲಗಳಿದ್ದರೆ ಮೊದಲೇ ಹೇಳಬೇಕು. ಸಂಸ್ಥೆಯವರು ಪರೀಕ್ಷಿಸಿ, ಬೆಕ್ಕನ್ನು ಸಹಿಸುವ ನಾಯಿಯನ್ನೇ ಕೊಡುತ್ತಾರೆ. ಅಂತಹವು ಕೆಲವು ಇರುತ್ತವೆ, ಎಲ್ಲವೂ ಅಲ್ಲ. ಮೊದಲ ದಿನಗಳಲ್ಲಿ ಅದರ ಬಾಯಿಗೆ ತಂತಿಯ ಕುಕ್ಕೆ ಹಾಕಿರುತ್ತಾರೆ. ಹಂತಿಯ ಎತ್ತಿಗೆ ಹಾಕುವ ಕುಕ್ಕೆಯಂತೆಯೇ ಅದು. ನೀರು ಕುಡಿಯಲು, ತೇಕಲು ಅಡ್ಡಿಯಿಲ್ಲ.

ಮೂರನೆಯದು ಒಂಟಿತನ. ಸುತ್ತಲೂ ಇತರ ನಾಯಿಗಳ ಸದ್ದಿನಲ್ಲಿಯೇ ಬೆಳೆದುದರಿಂದ ಒಬ್ಬಂಟಿಯಾಗಿರುವುದು ಅದಕ್ಕೆ ಗೊತ್ತಿಲ್ಲ. ಮೊದಲ ದಿನವೇ ಬೀಗ ಹಾಕಿ ಕೆಲಸಕ್ಕೆ ಹೋದರೆ ಊಳಿಡುವುದು, ಬಾಗಿಲು ಕೆರೆಯುವುದು, ಹಾಸಿಗೆ ಹರಿಯುವುದು ನಡೆಯುತ್ತದೆ. ಮೊದಲು ಎರಡು ನಿಮಿಷ, ಆಮೇಲೆ ಐದು, ಆಮೇಲೆ ಹತ್ತು ಎಂಬಂತೆ ಬಿಟ್ಟುಹೋಗಿ ಮರಳಿ ಬಂದು ರೂಢಿಸಬೇಕು. ಕೆಲವು ಕುಟುಂಬಗಳು ನಾಯಿಯನ್ನು ಹಿಂದಕ್ಕೆ ತಂದೊಪ್ಪಿಸುವುದು ಈ ಕಾರಣದಿಂದಲೇ.

ಅದರ ದೇಹಸ್ಥಿತಿಯೂ ವಿಲಕ್ಷಣವಾದುದು. ಓಟದಲ್ಲಿ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುವುದರಿಂದ ರಕ್ತದಲ್ಲಿ ಕೆಂಪು ಕಣಗಳ ಪಾಲು ಇತರ ನಾಯಿಗಳಿಗಿಂತ ಹೆಚ್ಚು. ಗಾಯದ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಕಡಿಮೆ. ಥೈರಾಯಿಡ್ ಗ್ರಂಥಿಯ ರಸದ ಪ್ರಮಾಣವೂ ಕಡಿಮೆ. ಇದನ್ನರಿಯದ ವೈದ್ಯನು ಆರೋಗ್ಯವಂತ ನಾಯಿಯನ್ನು ರೋಗಿಯೆಂದು ತಿಳಿದು ಔಷಧ ಕೊಟ್ಟಾನು. ಇದಕ್ಕಿಂತ ಹೆಚ್ಚು ಅಪಾಯಕರವಾದುದು ಅರಿವಳಿಕೆಯ ಮದ್ದು. ಥಯೋಪೆಂಟಾಲ್ ಎಂಬ ಹಳೆಯ ಮದ್ದನ್ನು ಇತರ ನಾಯಿಗಳ ಮೈಯ ಕೊಬ್ಬು ಬೇಗನೆ ಹೀರಿಕೊಂಡು ಮಿದುಳಿನಿಂದ ದೂರಮಾಡುತ್ತದೆ. ಗ್ರೇಹೌಂಡಿನಲ್ಲಿ ಕೊಬ್ಬೂ ಇಲ್ಲ, ಯಕೃತ್ತು ಆ ಮದ್ದನ್ನು ಕರಗಿಸುವುದೂ ನಿಧಾನ. ಆದುದರಿಂದ ಅದು ಗಂಟೆಗಟ್ಟಲೆ ಏಳದೆ ಮಲಗಿಬಿಡುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಎರವಾಗುತ್ತದೆ. ಈಗ ಬೇರೆ ಮದ್ದುಗಳು ಬಂದಿವೆ. ಆದರೂ ಯಜಮಾನನು ಶಸ್ತ್ರಕ್ರಿಯೆಗೆ ಮೊದಲು ಇದನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹಲ್ಲುಗಳು ಬಹುಶಃ ಕೆಟ್ಟಿರುತ್ತವೆ. ಚರ್ಮ ಕಾಗದದಂತೆ ತೆಳ್ಳಗಿದ್ದು ಮುಳ್ಳು ತಾಗಿದರೆ ಸೀಳುತ್ತದೆ. ಚಳಿಗಾಲದಲ್ಲಿ ಮೈಗೆ ಅಂಗಿ ಹಾಕಬೇಕು. ವಯಸ್ಸಾದಂತೆ ಕಾಲೆಲುಬಿನ ಕ್ಯಾನ್ಸರ್ ಈ ಜಾತಿಯಲ್ಲಿ ಹೆಚ್ಚು. ಕುಂಟುವ ಮುದಿ ಗ್ರೇಹೌಂಡನ್ನು ಅಲಕ್ಷ್ಯ ಮಾಡತಕ್ಕದ್ದಲ್ಲ. ಇಷ್ಟೆಲ್ಲ ತೊಂದರೆಗಳ ನಡುವೆ ಒಂದು ಉಪಕಾರವೂ ಉಂಟು: ಕೆಂಪು ಕಣ ಹೇರಳವಾಗಿರುವುದರಿಂದಲೂ, ಅನೇಕವುಗಳ ರಕ್ತ ಇತರ ನಾಯಿಗಳಿಗೆ ಹೊಂದುವುದರಿಂದಲೂ ಎಷ್ಟೋ ಗ್ರೇಹೌಂಡುಗಳು ಆಸ್ಪತ್ರೆಗಳಲ್ಲಿ ರಕ್ತದಾನಿಗಳಾಗಿವೆ.

ಪಾಲಕರಲ್ಲಿ ಕೆಲವರು ಈ ಮೇಲಿನದನ್ನು ಓದಿ, ನಮಗೇಕೆ ಈ ಪರದೇಶದ ಪುರಾಣ ಎಂದಾರು. ನಮ್ಮ ಊರುಗಳಿಗೆ ಓಟ ಮುಗಿಸಿದ ಗ್ರೇಹೌಂಡುಗಳು ಬರುವುದಿಲ್ಲವೆಂಬುದು ನಿಜ. ಆದರೆ 2005ರಲ್ಲಿ ನಮ್ಮ ಅಂಚೆ ಇಲಾಖೆಯು ಮುಧೋಳದ ನಾಯಿಯ ಅಂಚೆಚೀಟಿಯನ್ನು ಹೊರಡಿಸಿತು. ಮುಂದೆ ಸೈನ್ಯದವರು ಅದನ್ನು ಮೀರತ್ತಿಗೆ ಕೊಂಡೊಯ್ದು ಪಳಗಿಸಿದರು. 2020ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಅದನ್ನು ಹೊಗಳಿದರು. ಅಂದಿನಿಂದ ಆ ಮರಿಯನ್ನು ತರುವುದು ಪೇಟೆಯವರಿಗೆ ಒಂದು ಪ್ರತಿಷ್ಠೆಯಾಗಿದೆ. ಸಂತೋಷವೇ. ಆದರೆ ನಾವು ಕಣ್ಣಾರೆ ಕಂಡುದನ್ನು ಹೇಳುತ್ತೇವೆ. ಮಗನ ಹಟಕ್ಕೆ ತಂದ ಮರಿಯನ್ನು ಮೊಳದುದ್ದ ಸರಪಳಿಯಲ್ಲಿ ಬಾಗಿಲಿಗೆ ಕಟ್ಟಿದರು. ಒಂದು ದಿನ ಸರಪಳಿ ಕಳಚಿತು, ಪಕ್ಕದ ಮನೆಯ ಆಡಿನ ಮರಿ ಸತ್ತಿತು, ಜಗಳವಾಯಿತು. ಮರುದಿನ ನಾಯಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಹೆದ್ದಾರಿಯ ಬದಿಗೆ ಬಿಟ್ಟು ಬಂದರು. ಆ ನಾಯಿ ಯಾವ ಪಂದ್ಯದಲ್ಲಿಯೂ ಓಡಿರಲಿಲ್ಲ, ಸೋತೂ ಇರಲಿಲ್ಲ.

ಚಿಗರಿಯ ಕಾಲಕ್ಕೆ ಮೊಲದ ಬೇಟೆ ನಮ್ಮ ಕಡೆ ನಡೆಯುತ್ತಿತ್ತು. 1972ರ ವನ್ಯಜೀವಿ ಕಾಯಿದೆಯ ಮೇಲೆ ಅದು ಅಪರಾಧ. ಆದುದರಿಂದ ಕಾರವಾನಿಯೂ ಈಗ ಒಂದರ್ಥದಲ್ಲಿ ಕೆಲಸ ಕಳೆದುಕೊಂಡ ನಾಯಿಯೇ. ತರಬೇಕೆನ್ನುವವರು ಮೊದಲು ತಮ್ಮ ಅಂಗಳದ ಸುತ್ತ ಆಳೆತ್ತರದ ಗೋಡೆಯಿದೆಯೇ, ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ನಡೆಸುವವರು ಯಾರು, ಮಗನು ಕಾಲೇಜಿಗೆಂದು ಪರಸ್ಥಳಕ್ಕೆ ಹೋದ ಮೇಲೆ ಅದಕ್ಕೆ ರೊಟ್ಟಿ ಹಾಕುವವರು ಯಾರು ಎಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಬೇಕು. ಗ್ರೇಹೌಂಡ್ ಕೊಡುವ ಸಂಸ್ಥೆಗಳು ಈ ಪ್ರಶ್ನೆಗಳನ್ನು ಮನೆಗೇ ಬಂದು ಕೇಳುತ್ತವೆ. ಬೇಲಿಯನ್ನು ಅಳೆದು ನೋಡುತ್ತವೆ. ಸಾಕಲಾಗದಿದ್ದರೆ ನಾಯಿಯನ್ನು ಬೇರೆಯವರಿಗೆ ಕೊಡದೆ ತಮಗೇ ಮರಳಿಸಬೇಕೆಂದು ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತವೆ. ನಮ್ಮಲ್ಲಿ ಮರಿ ಮಾರುವವರು ಹಣ ಎಣಿಸಿಕೊಂಡ ಮೇಲೆ ಏನನ್ನೂ ಕೇಳುವುದಿಲ್ಲ.

ಅಚ್ಚಿಗೆ ಕೊಡುವ ಮುಂಚೆ ಈ ಲೇಖನವನ್ನು ಆ ಹಿಂದಿನ ಸಾಲಿನ ಹುಡುಗನಿಗೆ ಓದಿ ಹೇಳಿದೆವು. "ಮನೆಗೆ ಬಂದ ಮೇಲೆ ಅದು ಓಡುವುದನ್ನೇ ಬಿಡುತ್ತದೆಯೇ?" ಎಂದು ಕೇಳಿದನು. ಬಿಡುವುದಿಲ್ಲ. ಬೇಲಿಯಿರುವ ಬಯಲಿಗೆ ಕರೆದೊಯ್ದು ಹಗ್ಗ ಬಿಚ್ಚಿದರೆ ಯಾರೂ ಹೇಳದೆಯೇ ಎರಡು ಮೂರು ಸುತ್ತು ಹಾರಿಹೋಗುತ್ತದೆ. ಮೊಲವೂ ಇಲ್ಲ, ಎದುರಾಳಿಯೂ ಇಲ್ಲ. ಒಂದು ನಿಮಿಷ, ಹೆಚ್ಚೆಂದರೆ ಎರಡು. ಆಮೇಲೆ ನಾಲಿಗೆ ಚಾಚಿ ತೇಕುತ್ತ ತಾನಾಗಿಯೇ ಹಗ್ಗದ ಬಳಿಗೆ ಬಂದು ನಿಲ್ಲುತ್ತದೆ. ಮನೆಗೆ ಹೋಗಿ ಮಲಗಬೇಕಲ್ಲ.